ಅಂಗುಲಕ್ಕೆ ಅರವತ್ತು ತಂತಿ

ಜಾಲರಿ ಎರಡನೆಯ ಪರೀಕ್ಷೆ ಗೆದ್ದ ಮೇಲಿನ ಭಾನುವಾರ ಇನಾಯತ್ ಕುರುಗೋಡಿನ ತನ್ನ ಮನೆಯಲ್ಲಿ ಹನ್ನೊಂದು ಗಂಟೆಯವರೆಗೆ ಮಲಗಿದ. ನಾಲ್ಕು ತಿಂಗಳಿಂದ ಕಣ್ಣಿಗೆ ಬಾಕಿ ಉಳಿದಿದ್ದ ನಿದ್ದೆ ಅದು. ಎದ್ದು ಹಿತ್ತಲಿಗೆ ಬಂದರೆ ಹೆಂಡತಿ ಅಸ್ಮಾ ಮೂಗಿಗೆ ಸೆರಗು ಬಿಗಿದುಕೊಂಡು ಸೀಗೆಪುಡಿ ಜರಡಿ ಹಿಡಿಯುತ್ತಿದ್ದಳು. ಜರಡಿಯೆಂದರೆ ಕಾರ್ಖಾನೆಯಲ್ಲಿ ಕತ್ತರಿಸಿ ಉಳಿದ ತಂತಿ ಜಾಲರಿಯ ತುಂಡು. ಅದನ್ನು ಕಸೂತಿ ಹಾಕುವ ಮರದ ಬಳೆಗೆ ಸಿಕ್ಕಿಸಿಕೊಂಡಿದ್ದಳು.

“ಎಣ್ಣಿ ಬಾವಿಗೆ ಮಾಡಿದ್ದು ಸೀಗಿಕಾಯಿಗೂ ಬಂತು ನೋಡು,” ಎಂದ ಇನಾಯತ್.

“ಎಲ್ಲಿ ಬಂತು? ಅರ್ಧ ತಾಸಾತು, ಒಂದು ಬಟ್ಲ ಇಳಿದಿಲ್ಲ.” ಅಸ್ಮಾ ಎರಡು ಸಲ ಸೀನಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹೋದ ಸಲದ್ದಕ್ಕಿಂತ ತೂತು ಭಾಳ ದೊಡ್ಡವು ಅಂದಿದ್ರಿ. ಇವೇನು ದೊಡ್ಡವು? ಸೊಳ್ಳಿ ಮೂಗು ಸೈತ ಹೋಗಂಗಿಲ್ಲ.”

ಇನಾಯತ್ ನಕ್ಕು ಅವಳ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತ. ನಗು ಮುಖದಲ್ಲಿರುವಾಗಲೇ ಕೈ ಆ ಬಳೆಯನ್ನು ಎತ್ತಿ ಬಿಸಿಲಿಗೆ ಹಿಡಿದಿತ್ತು. ಅದು ಅವನ ಚಾಳಿ. ಎಲ್ಲಿ ಜಾಲರಿ ಕಂಡರೂ ಬೆಳಕಿಗೆ ಹಿಡಿದು ನೋಡಬೇಕು.

ಅವನು ಮೆಕ್ಯಾನಿಕಲ್ ಓದಿದವನು. ಬಳ್ಳಾರಿಯಲ್ಲಿ ಅಯ್ಯಣ್ಣನೆಂಬ ಸಾಹುಕಾರರ ಕಾರ್ಖಾನೆಯಲ್ಲಿ ಹತ್ತು ವರ್ಷದಿಂದ ನಕ್ಷೆ ಬರೆಯುತ್ತಿದ್ದ. ಅದಿರು ಜಲ್ಲಿ ಮಾಡುವ ಕ್ರಷರುಗಳಿಗೆ ಜಾಲರಿ ಕಟ್ಟಿಕೊಡುವ ಕಾರ್ಖಾನೆ ಅದು. ಚೀನಾದವರು ಬಳ್ಳಾರಿಯ ಕೆಂಪು ಪುಡಿಯನ್ನೂ ಬಿಡದೆ ಹಡಗಿಗೆ ತುಂಬಿಸಿಕೊಳ್ಳುತ್ತಿದ್ದ ವರ್ಷಗಳು. ಜಾಲರಿ ಬೇಕೆಂದು ಜನ ಗೇಟಿನ ಮುಂದೆ ಲಾರಿ ನಿಲ್ಲಿಸಿಕೊಂಡೇ ಕಾಯುತ್ತಿದ್ದರು. ಇಂಥ ಭರಾಟೆಯ ನಡುವೆ ಇನಾಯತ್ ಸಾಹುಕಾರರನ್ನು ಕಾಡಿ ಬೇಡಿ ಒಂದು ಬೇರೆಯ ಕೆಲಸ ಹಿಡಿಸಿದ್ದ. ಚೆನ್ನೈಯ ಒಂದು ಕಂಪನಿಗೆ, ಎಣ್ಣೆ ಬಾವಿಯೊಳಗೆ ಮರಳು ಬಾರದಂತೆ ತಡೆಯುವ ಹಿಗ್ಗುವ ಜಾಲರಿ.

ಎಣ್ಣೆ ಸಿಗುವ ಆಳದಲ್ಲಿ ಎಲ್ಲ ಕಡೆಯೂ ಗಟ್ಟಿ ಕಲ್ಲಿರುವುದಿಲ್ಲ. ಕೆಲವೆಡೆ ಹಗರಿ ಹೊಳೆಯ ಪಾತ್ರದಂಥ ಸಡಿಲ ಮರಳಿರುತ್ತದೆ. ಎಣ್ಣೆ ಮೇಲೇರುವಾಗ ಮರಳನ್ನೂ ಎಳೆದುಕೊಂಡು ಬರುತ್ತದೆ. ಆ ಮರಳು ಉಕ್ಕಿನ ಕೊಳವೆಯನ್ನು ಒಳಗಿನಿಂದ ಅರ ಹಾಕಿದ ಹಾಗೆ ತಿಂದುಹಾಕುತ್ತದೆ. ಇನಾಯತ್ ಬರೆದದ್ದು ಉದ್ದುದ್ದ ಸೀಳು ಕೊಯ್ದ ಒಂದು ಕೊಳವೆ. ಅದರ ಸುತ್ತ, ಕಟ್ಟಿನಲ್ಲಿ ಜೋಡಿಸಿದ ವೀಳ್ಯದೆಲೆಗಳಂತೆ ಅರ್ಧರ್ಧ ಒಂದರ ಮೇಲೊಂದು ಕೂತ ಜಾಲರಿಯ ಹಾಳೆಗಳು. ಪ್ರತಿ ಹಾಳೆಗೂ ಒಂದೇ ಅಂಚಿನಲ್ಲಿ ಬೆಸುಗೆ, ಇನ್ನೊಂದು ಅಂಚು ಬಿಡಿ. ತೆಳ್ಳಗಿರುವಾಗಲೇ ಅದನ್ನು ಬಾವಿಗೆ ಇಳಿಸುವುದು. ಇಳಿದ ಮೇಲೆ ಉಕ್ಕಿನ ಶಂಕುವೊಂದನ್ನು ಅದರೊಳಗೆ ತಳ್ಳಿದರೆ ಸೀಳುಗಳು ಕಣ್ಣು ಬಿಟ್ಟಂತೆ ತೆರೆದು ಕೊಳವೆ ಹಿಗ್ಗುತ್ತದೆ, ಹಾಳೆಗಳು ಒಂದರ ಮೇಲೊಂದು ಜಾರುತ್ತವೆ, ಜಾಲರಿ ಬಾವಿಯ ಗೋಡೆಗೆ ಅಪ್ಪಿ ಕೂರುತ್ತದೆ. ಸಂದಿಯೇ ಇಲ್ಲದಿದ್ದರೆ ಮರಳಿಗೆ ಕದಲಲು ಜಾಗವಿಲ್ಲ.

ಇಷ್ಟೂ ಕೆಲಸದಲ್ಲಿ ಅವನನ್ನು ಹೆಚ್ಚು ಕಾಡಿದ್ದು ತೂತಿನ ಅಳತೆ. ತಿಂಗಳುಗಟ್ಟಲೆ ಲೆಕ್ಕ ಹಾಕಿ ಅಂಗುಲಕ್ಕೆ ಅರವತ್ತು ತಂತಿ ಎಂದು ಬರೆದ. ಬಳ್ಳಾರಿಯಲ್ಲಿ ಎಲ್ಲಿ ನೋಡಿದರೂ ಕೆಂಪು ಧೂಳು, ಪರೀಕ್ಷೆಯ ನೀರು ಕೆಡುತ್ತದೆಂದು ಸಿರುಗುಪ್ಪದಲ್ಲಿದ್ದ ಸಾಹುಕಾರರ ಅಕ್ಕಿ ಗಿರಣಿಯ ಅಂಗಳದಲ್ಲಿ ತೊಟ್ಟಿ, ಪಂಪು ಹೂಡಿದರು. ಮೋಕಾದ ಹತ್ತಿರದ ಹಗರಿ ಮರಳಿಗೆ ನುಣ್ಣನೆಯ ಮಣ್ಣು ಬೆರೆಸಿ, ನೀರಿನಲ್ಲಿ ಕದಡಿ ಜಾಲರಿಗೆ ಹಾಯಿಸಿದರು. ನಲವತ್ತು ನಿಮಿಷದಲ್ಲಿ ಒತ್ತಡದ ಮುಳ್ಳು ಕೆಂಪು ಗೆರೆ ದಾಟಿತು. ಬಿಚ್ಚಿ ನೋಡಿದರೆ ಜಾಲರಿಗೆ ಗಿಲಾವು ಮಾಡಿದಂತೆ ಮಣ್ಣು ಮೆತ್ತಿಕೊಂಡಿತ್ತು.

ಆ ದಿನದಿಂದ ಇನಾಯತನಿಗೆ ತನ್ನ ಲೆಕ್ಕದ ಮೇಲಿನ ನಂಬಿಕೆಯೇ ಹೋಯಿತು. ಹಾಳೆಗಟ್ಟಲೆ ತಿರುಗಿಸಿ ನೋಡಿದ. ತಪ್ಪು ಸಿಗಲಿಲ್ಲ. ಸಿಗದಿದ್ದರೂ ಮುಳ್ಳು ಸುಳ್ಳು ಹೇಳುವುದಿಲ್ಲವಲ್ಲ. ಅರವತ್ತನ್ನು ಹೊಡೆದುಹಾಕಿ ಐವತ್ತು ತಂತಿ ಎಂದು ಬರೆದ. ತಂತಿ ಕಡಿಮೆಯಾದಷ್ಟೂ ತೂತು ದೊಡ್ಡದು. ಎರಡನೆಯ ಜಾಲರಿ ಆರು ತಾಸು ಓಡಿತು. ಮುಳ್ಳು ಅಲುಗಲಿಲ್ಲ, ಮರಳೂ ಒಳಗೆ ಬರಲಿಲ್ಲ. ಬುಧವಾರ ಐವತ್ತರ ನಕ್ಷೆಗೆ ಸಹಿ ಹಾಕಿ ಚೆನ್ನೈಗೆ ಕಳಿಸುವುದೆಂದಾಗಿತ್ತು.

ಈಗ ಬಿಸಿಲಿಗೆ ಹಿಡಿದ ಆ ತುಂಡಿನಲ್ಲಿ ಏನೋ ಸರಿಯಿಲ್ಲವೆನಿಸಿತು.

“ನಿನ್ನ ಗಾಜು ಕೊಡು,” ಎಂದ.

ಅಸ್ಮಾ ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಬಟ್ಟೆ ಪರೀಕ್ಷಿಸುವವಳು. ನೂಲೆಣಿಸಲು ಒಂದಂಗುಲ ಚೌಕದ ಮಡಚುವ ಭೂತಗನ್ನಡಿ ಅವಳ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಅವಳು ಗಾಜನ್ನು ಅವನಿಗೆ ಕೊಡದೆ ತಾನೇ ಜಾಲರಿಯ ಮೇಲಿಟ್ಟು, ಸೂಜಿಯ ಮೊನೆಯಿಂದ ಒಂದೊಂದೇ ತಂತಿ ದಾಟಿಸುತ್ತ ಎಣಿಸಿದಳು.

“ಅರವತ್ತು.”

“ಐವತ್ತು ಇರಬೇಕು. ಇನ್ನೊಮ್ಮಿ ಎಣಿಸು.”

“ದಿನಾ ಮುನ್ನೂರು ಪ್ಯಾಂಟಿನ ನೂಲು ನೋಡಾಕಿ ನಾನು. ನನಗ ಎಣಿಕಿ ಕಲಸ್ತೀರೇನು?” ಆದರೂ ಅಡ್ಡ ತಿರುಗಿಸಿ ಎಣಿಸಿದಳು. “ಹಿಂಗೂ ಅರವತ್ತು. ಬೇಕಂದ್ರ ಓಣಿ ಮಂದಿನೆಲ್ಲ ಕರೀರಿ, ಅರವತ್ತಾ.”

ಹಿಂದಿನ ಸಲದ ತುಂಡು ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ಮುಚ್ಚಲು ಬಳಕೆಯಾಗುತ್ತಿತ್ತು. ಇನಾಯತ್ ಅದನ್ನೂ ತಂದ. ಅದರಲ್ಲಿ ಎಪ್ಪತ್ತು.

ಮೊದಲು ಅವನಿಗೆ ಆದದ್ದು ಸಂತೋಷ, ಅದೂ ಸಣ್ಣ ಸಂತೋಷವಲ್ಲ. ತನ್ನ ಮೊದಲ ಲೆಕ್ಕವೇ ಸರಿಯಾಗಿತ್ತು. ಅರವತ್ತು ಎಂದು ಬರೆದಿದ್ದ, ಕಟ್ಟಿದ್ದು ಎಪ್ಪತ್ತು, ಅದಕ್ಕೇ ಕಟ್ಟಿಕೊಂಡಿತು. ಐವತ್ತು ಎಂದು ಬರೆದ, ಕಟ್ಟಿದ್ದು ಅರವತ್ತು, ಅದಕ್ಕೇ ಗೆದ್ದಿತು. ಎರಡು ತಿಂಗಳು ತನ್ನನ್ನು ತಾನು ದಡ್ಡನೆಂದು ಬೈದುಕೊಂಡದ್ದೆಲ್ಲ ದಂಡ. ಆ ಸಂತೋಷ ಒಂದು ಲೋಟ ಚಹಾ ಮುಗಿಯುವವರೆಗೆ ಇತ್ತು. ಲೋಟ ಕೆಳಗಿಡುವಾಗ ಹೊಳೆಯಿತು: ಬುಧವಾರ ಚೆನ್ನೈಗೆ ಹೋಗುವ ನಕ್ಷೆಯಲ್ಲಿ ಇರುವುದು ಐವತ್ತು. ಅಲ್ಲಿಯವರು ಐವತ್ತೇ ಮಾಡುತ್ತಾರೆ. ಅದು ಮರಳನ್ನು ಬಿಡುತ್ತದೆ.

ಜಾಲರಿ ತರಿಸಿದ್ದು, ಕಟ್ಟಿದ್ದು ಎರಡೂ ಉಸ್ಮಾನಸಾಬ್. ಕಾರ್ಖಾನೆಯ ಹಿರಿಯ ಮಿಸ್ತ್ರಿ. ಇನಾಯತನ ಅಪ್ಪನ ಗೆಳೆಯ. ಅಪ್ಪ ತೀರಿಕೊಂಡ ಮೇಲೆ ಇವನನ್ನು ಕೈಹಿಡಿದು ಸಾಹುಕಾರರ ಮುಂದೆ ನಿಲ್ಲಿಸಿದವನೂ ಅವನೇ. ಕೊಳವೆಯ ಸುತ್ತಳತೆಯನ್ನು ನೂರು ಸಲ ಅಳೆದಿದ್ದ ಇನಾಯತ್ ಉಸ್ಮಾನಸಾಬನ ಜಾಲರಿಗೆ ಮಾತ್ರ ಎಂದೂ ಅಳತೆ ಹಿಡಿದಿರಲಿಲ್ಲ. ಹಿರಿಯನ ಕೆಲಸಕ್ಕೆ ಅಳತೆಪಟ್ಟಿ ಇಡುವುದೆಂದರೆ ಎಲ್ಲರೆದುರು ಅವನ ಕಿಸೆ ತಡಕಿದ ಹಾಗೆ. ಜಾಲರಿಗೆ ಕಟ್ಟಿದ ಚೀಟಿಯಲ್ಲಿ ಐವತ್ತು ಎಂದು ಅವನ ಅಕ್ಷರದಲ್ಲಿ ಬರೆದಿತ್ತು, ಅಷ್ಟು ಸಾಕಾಗಿತ್ತು.

ಸೋಮವಾರ ಮೊದಲ ಬಸ್ಸಿಗೇ ಬಳ್ಳಾರಿಗೆ ಬಂದ. ಉಸ್ಮಾನಸಾಬ್ ಕಾರ್ಖಾನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು, ದಾರ ಕಟ್ಟಿದ ಕನ್ನಡಕವನ್ನು ಅಂಗಿಯ ಚುಂಗಿನಿಂದ ಒರೆಸುತ್ತಿದ್ದ.

“ಕಾಕಾ, ಈ ಸಲ ಸಿಕಂದರಾಬಾದಿನಿಂದ ಎಷ್ಟು ತಂತಿದು ತರಿಸಿದ್ರಿ?”

“ಅರವತ್ತರದು.”

ಇಷ್ಟು ಸಲೀಸಾದ ಉತ್ತರಕ್ಕೆ ಇನಾಯತ್ ಸಿದ್ಧನಾಗಿರಲಿಲ್ಲ. “ನಾ ಬರದಿದ್ದು ಐವತ್ತು.”

“ಹೌದಲ್ಲ. ಐವತ್ತು ಬರದಿದ್ದಿ, ಅದಕ್ಕಾ ಅರವತ್ತು ತರಿಸಿದೆ. ಮೊದಲ್ನೇ ಸಲ ಅರವತ್ತು ಬರದಿದ್ದಿ, ಎಪ್ಪತ್ತು ತರಿಸಿದ್ದೆ. ಏನೀಗ?”

“ಚೀಟಿ ಮ್ಯಾಲ ಐವತ್ತು ಅಂತ ಬರದೀರಲ್ಲ?”

“ಚೀಟಿ ಮ್ಯಾಲ ಕೇಳಿದ್ದು ಬರೀತೀವಿ. ಜಾಲರಿಯೊಳಗ ಕೊಡಬೇಕಾದ್ದು ಕೊಡ್ತೀವಿ. ನೀ ಏನ್ಲೇ, ನಿನ್ನೆ ಮೊನ್ನೆ ಹುಟ್ಟಿದ ಕೂಸೇನು?”

ಇನಾಯತನಿಗೆ ಅದು ಗೊತ್ತಿಲ್ಲದ ಸಂಗತಿಯಲ್ಲ. ಅದಿರು ಜಾಲರಿಯ ಮೇಲೆ ಹಗಲೂ ರಾತ್ರಿ ಕುಣಿಯುತ್ತದೆ. ತಂತಿ ಸವೆದು ತೂತು ಹಿಗ್ಗುತ್ತದೆ. ಹತ್ತು ಮಿಲಿಮೀಟರಿನ ತೂತು ಕೊಟ್ಟರೆ ತಿಂಗಳೊಳಗೆ ಹನ್ನೊಂದಾಗಿ, ದಪ್ಪ ಕಲ್ಲು ಸೇರಿಕೊಂಡು, ಬಂದರಿನಲ್ಲಿ ಇಡೀ ಸರಕು ತಿರಸ್ಕಾರವಾಗುತ್ತದೆ. ಅದಕ್ಕೇ ಬಳ್ಳಾರಿಯ ಒಳ್ಳೆಯ ಮಿಸ್ತ್ರಿ ಹತ್ತು ಕೇಳಿದರೆ ಒಂಬತ್ತೂವರೆ ಕೊಡುತ್ತಾನೆ. ಕೇಳಿದಷ್ಟೇ ಕೊಡುವವನು ಕೈ ಹಿಡಿತದ ಮನುಷ್ಯ, ಗಿರಾಕಿಯ ಮೇಲೆ ಕರುಣೆಯಿಲ್ಲದವನು. ಈ ಪದ್ಧತಿಯನ್ನು ಇನಾಯತ್ ಹತ್ತು ವರ್ಷ ಕಣ್ಣಾರೆ ಕಂಡಿದ್ದ. ತನ್ನ ಜಾಲರಿಗೂ ಅದು ಅಂಟೀತು ಎಂದು ಮಾತ್ರ ಹೊಳೆದಿರಲಿಲ್ಲ.

“ಕಾಕಾ, ಬಾವಿಯೊಳಗ ಇದು ಕುಣಿಯಂಗಿಲ್ಲ. ಗ್ವಾಡಿಗೆ ಒತ್ತಿ ಕುಂತಿರ್ತೈತಿ. ಸವೆತದ ಮಾತಾ ಇಲ್ಲ ಇಲ್ಲಿ.”

“ಇದ್ರೇನು, ಇರದಿದ್ರೇನು? ಪಾಸಾತಿಲ್ಲ? ಮೂವತ್ತೆಂಟು ವರ್ಷದಾಗ ನನ್ನ ಒಂದು ಜಾಲರಿ ವಾಪಸ್ ಬಂದಿಲ್ಲ. ಕೇಳು ಹೋಗು ಯಾರನ್ನರ.”

“ಪಾಸಾಗಿದ್ದು ಅರವತ್ತು. ಕಾಗದದಾಗ ಇರೋದು ಐವತ್ತು. ಮುಂದ ಮಾಡಾರು ಚೆನ್ನೈದವರು. ಅವರು ಐವತ್ತಾ ಹಾಕಿ ಬಾವಿಗಿ ಇಳಸ್ತಾರ.”

ಉಸ್ಮಾನಸಾಬ್ ಕನ್ನಡಕ ಏರಿಸಿ ಅವನನ್ನು ನೋಡಿದ. “ಐವತ್ತು ಅಂದ್ರ ಐವತ್ತಾ ಕೊಡ್ತಾರ?”

“ಹ್ಞೂಂ. ಕೂದಲೆಳಿಯಷ್ಟೂ ಹೆಚ್ಚುಕಮ್ಮಿ ಮಾಡಂಗಿಲ್ಲ.”

“ಎಂಥಾ ಜನಾನಪ್ಪ,” ಎಂದ ಮುದುಕ, ನಿಜಕ್ಕೂ ನೊಂದವನ ಹಾಗೆ. ಆಮೇಲೆ ದನಿ ತಗ್ಗಿಸಿ, “ಹಂಗಾದ್ರ ನಕ್ಷಾದಾಗ ಅರವತ್ತು ಅಂತ ತಿದ್ದಿಬಿಡು. ಯಾರು ನೋಡ್ತಾರ?” ಎಂದ.

ಆ ದಾರಿಯನ್ನು ಇನಾಯತ್ ಬಸ್ಸಿನಲ್ಲೇ ಯೋಚಿಸಿ ಮುಗಿಸಿದ್ದ. ಪರೀಕ್ಷೆಯ ಕಾಗದಗಳಲ್ಲಿ ಐವತ್ತು ಎಂದಿತ್ತು. ಕಂಪನಿಯ ಇಂಜಿನಿಯರು ಸುಧಾರಾಣಿ ಅದಕ್ಕೆ ಸಹಿ ಹಾಕಿದ್ದಳು. ನಕ್ಷೆಯನ್ನು ಮಾತ್ರ ತಿದ್ದಿದರೆ ಎರಡಕ್ಕೂ ತಾಳೆಯಾಗುವುದಿಲ್ಲ, ಆಗ ಚೆನ್ನೈಯವರು ನಂಬುವುದು ಪರೀಕ್ಷೆಯ ಕಾಗದವನ್ನು. ಪರೀಕ್ಷೆಯ ಕಾಗದ ತಿದ್ದಬೇಕಾದರೆ ಚೀಟಿ ಸುಳ್ಳೆಂದು ಹೇಳಬೇಕು. ಚೀಟಿಯ ಕೆಳಗಿರುವುದು ಉಸ್ಮಾನಸಾಬನ ರುಜು.

“ಮರಳು ನುಗ್ಗಿದ್ರ ಏನಾಕ್ಕೈತಿ?” ಎಂದು ಉಸ್ಮಾನಸಾಬ್ ಕೇಳಿದ.

“ಮ್ಯಾಲಿನ ಉಕ್ಕಿನ ಕೊಳವಿ ತೂತು ಬೀಳ್ತೈತಿ. ಒತ್ತಡದಾಗ ಗ್ಯಾಸು ಹೊರಗ ಚಿಮ್ತೈತಿ. ಅಲ್ಲಿ ಮಂದಿ ಕೆಲಸ ಮಾಡ್ತಿರ್ತಾರ.”

ಉಸ್ಮಾನಸಾಬ್ ಎದ್ದು ಅಂಗಿ ಕೊಡವಿದ. ಕೆಂಪು ಧೂಳು ಎದ್ದಿತು. “ಆ ಹೆಣ್ಮಗಳು ಎಲ್ಲಿ ಅದಾಳ?”

“ಸಿರುಗುಪ್ಪದಾಗ. ಸಾಮಾನು ಕಟ್ಟಸಾಕ ಹತ್ತ್ಯಾಳ.”

“ನಡಿ ಮತ್ತ. ಬಾಯಿ ನಾ ತೆಗಿತೀನಿ, ನೀ ಸುಮ್ನ ಇರು. ನಿನಗ ಮಾತಾಡಾಕ ಬರಂಗಿಲ್ಲ.”

ಸಿರುಗುಪ್ಪ ತಲುಪಿದಾಗ ಮಧ್ಯಾಹ್ನ. ಗಿರಣಿಯ ಅಂಗಳದಲ್ಲಿ ಕುದಿಸಿದ ಭತ್ತ ಹರವಿ ಒಣಗಲು ಬಿಟ್ಟಿದ್ದರು. ಅದರಾಚೆ, ನೆರಳಿನಲ್ಲಿ, ಸುಧಾರಾಣಿ ಒತ್ತಡದ ಗೇಜುಗಳನ್ನು ಪೆಟ್ಟಿಗೆಗೆ ಹಾಕಿಸುತ್ತಿದ್ದಳು. ಮೂವತ್ತೈದರ ಹೆಂಗಸು. ಅವಳ ತವರು ಅಲ್ಲೇ ಪಕ್ಕದ ಹಳ್ಳಿ. ಸಾಹುಕಾರ ಅಯ್ಯಣ್ಣ ಗೋಣಿಚೀಲದ ಮೇಲೆ ಕೂತು ಫೋನಿನಲ್ಲಿ ಯಾವನೋ ಕ್ರಷರಿನವನನ್ನು ಸಮಾಧಾನ ಮಾಡುತ್ತಿದ್ದರು.

ಉಸ್ಮಾನಸಾಬ್ ಸುತ್ತುಬಳಸಲಿಲ್ಲ. ಐವತ್ತರ ಜಾಗದಲ್ಲಿ ಅರವತ್ತು, ಅರವತ್ತರ ಜಾಗದಲ್ಲಿ ಎಪ್ಪತ್ತು ಹಾಕಿದ್ದನ್ನು, ಯಾಕೆ ಹಾಕಿದನೆಂಬುದನ್ನು ಒಂದೇ ಉಸಿರಿಗೆ ಹೇಳಿದ. ತಪ್ಪೊಪ್ಪಿಕೊಳ್ಳುವವನ ದನಿ ಅದಲ್ಲ. ಮಗಳ ಮದುವೆಗೆ ಏನೇನು ಕೊಟ್ಟೆ ಎಂದು ಬೀಗರ ಮುಂದೆ ಹೇಳುವವನ ದನಿ.

ಸುಧಾರಾಣಿ ಕೈಯಲ್ಲಿದ್ದ ಗೇಜನ್ನು ನಿಧಾನವಾಗಿ ಕೆಳಗಿಟ್ಟಳು. “ಉಸ್ಮಾನಸಾಬ್ರೇ, ಜಾಲರಿ ಒಂದಾ ಹಿಂಗ ಮಾಡೀರೋ, ಮತ್ತೇನರ ಐತೋ?”

“ಬೆಸಿಗಿ ನಾಕು ಬೆರಳಿಗೊಂದು ಅಂದಿದ್ದ ಇವ. ಎರಡು ಬೆರಳಿಗೊಂದು ಹಾಕೀನಿ. ಬಾವಿಯೊಳಗ ಬಿಚ್ಚಿಕೊಂಡ್ರ ಯಾರ ಮರ್ಯಾದಿ ಹೋಗಾದು?”

“ಮತ್ತ?”

“ಸೀಳು ತುಸು ಗಿಡ್ಡ ಮಾಡೀನಿ. ಭಾಳಿಲ್ಲ, ಒಂದು ನೂಲು. ಕೊಳವಿ ಬಲ ಇರಲಿ ಅಂತ.”

ಇನಾಯತ್ ಕಣ್ಣು ಮುಚ್ಚಿಕೊಂಡ. ಶಂಕುವನ್ನು ತಳ್ಳಲು ಲೆಕ್ಕಕ್ಕಿಂತ ಕಾಲು ಭಾಗ ಹೆಚ್ಚು ಒತ್ತಡ ಯಾಕೆ ಬೇಕಾಯಿತೆಂದು ಅವನು ಮೂರು ವಾರ ತಲೆ ಕೆಡಿಸಿಕೊಂಡಿದ್ದ. ನಾಲ್ಕು ತಿಂಗಳು ಅವನು ಪರೀಕ್ಷಿಸಿದ್ದು ತನ್ನ ಜಾಲರಿಯನ್ನೇ ಅಲ್ಲ. ಅದು ಉಸ್ಮಾನಸಾಬನ ಜಾಲರಿ. ಇವನ ನಕ್ಷೆ ಅದಕ್ಕೆ ಬರಿಯ ನೆವ.

ಸುಧಾರಾಣಿ ಒಮ್ಮೆ ಜೋರಾಗಿ ನಕ್ಕಳು. ನಕ್ಕು ಮುಗಿದ ಮೇಲೆ ಅವಳ ಮುಖದಲ್ಲಿ ನಗುವಿನ ಗುರುತೂ ಉಳಿಯಲಿಲ್ಲ. “ಈ ಪರೀಕ್ಷೆ ರದ್ದು. ನಾನು ಬೇರೆ ಏನೂ ಬರಿಯಾಕ ಬರಂಗಿಲ್ಲ. ಕಾಗದ ಒಂದು, ಸಾಮಾನು ಒಂದು. ಇನಾಯತ್, ನಿಮ್ಮ ಮೊದಲ್ನೇ ನಕ್ಷೆ ಕೊಡ್ರಿ, ಅರವತ್ತರದು. ಅದನ್ನ ಚೆನ್ನೈದಾಗ ಮಾಡಿಸಿ ಅಲ್ಲೇ ಪರೀಕ್ಷೆ ಮಾಡಸ್ತೀನಿ.”

“ಇಲ್ಲೇ ಇನ್ನೊಂದು ಮಾಡಿಕೊಡ್ತೀವಿ ಮೇಡಂ. ಒಂದು ತಿಂಗಳು ಕೊಡ್ರಿ,” ಎಂದ ಇನಾಯತ್.

ಅವಳು ಉತ್ತರಿಸುವ ಮೊದಲೇ ಅಯ್ಯಣ್ಣ ಫೋನು ಕಿಸೆಗೆ ಹಾಕಿ ಎದ್ದರು. “ಯಾರು ಮಾಡಿಕೊಡೋರು? ನಾಕು ತಿಂಗಳು ಒಂದು ಶೆಡ್ಡು ನಿನಗ ಬಿಟ್ಟಿದ್ದೆ. ಅಷ್ಟರಾಗ ಎಷ್ಟು ಕ್ರಷರಿನವರು ಬ್ಯಾರೆ ಕಡಿ ಹ್ವಾದ್ರು ಗೊತ್ತೈತೇನು? ಪಾಸಾಗಿತ್ತಲ್ಲೋ ಮಾರಾಯ! ಬಾಯಿ ಮುಚ್ಚಿಕೊಂಡು ಇದ್ದಿದ್ರ ನಿಮ್ಮಪ್ಪನ ಗಂಟೇನು ಹೋಗ್ತಿತ್ತು?”

“ನಮ್ಮದು ಹೋಗ್ತಿದ್ದಿಲ್ಲ ಸಾವ್ಕಾರ್ರೇ,” ಎಂದ ಇನಾಯತ್. “ಬಾವಿ ಹತ್ರ ಇರೋರದು ಹೋಗ್ತಿತ್ತು.”

ಅಯ್ಯಣ್ಣ ಕೆಟ್ಟ ಮನುಷ್ಯರಲ್ಲ. ಅವರು ಮತ್ತೆ ಬೈಯಲಿಲ್ಲ. ನಾಳೆಯಿಂದ ಶೆಡ್ಡು ಅದಿರಿನ ಜಾಲರಿಗೆ ಎಂದಷ್ಟೇ ಹೇಳಿ, ಭತ್ತ ತುಳಿಯದಂತೆ ಅಂಗಳದ ಅಂಚಿನಲ್ಲಿ ನಡೆದುಕೊಂಡು ಕಾರಿಗೆ ಹೋದರು.

ಬಳ್ಳಾರಿಗೆ ವಾಪಸಾಗುವ ಬಸ್ಸು ಮೋಕಾ ದಾಟಿದ ಮೇಲೆ ಉಸ್ಮಾನಸಾಬ್ ಒಂದು ಪೊಟ್ಟಣ ಹುರಿದ ಶೇಂಗಾ ಕೊಂಡು ಅರ್ಧ ಇನಾಯತನ ಕೈಗೆ ಸುರಿದ. ಇನಾಯತ್ ತಿನ್ನಲಿಲ್ಲ. ಅವನಿಗೆ ಸಿಟ್ಟು ಬಂದಿತ್ತು. ಯಾರ ಮೇಲೆಂದು ಗೊತ್ತಾಗದೆ ಸಿಟ್ಟು ಹಾಗೇ ಕೂತಿತ್ತು.

ಮಂಗಳವಾರ ಬೆಳಿಗ್ಗೆ ಶೆಡ್ಡಿನಿಂದ ಕೊಳವೆಗಳನ್ನು ಹೊರಗೆ ಸಾಗಿಸುತ್ತಿದ್ದರು. ಇನಾಯತ್ ಕಿಟಕಿಯ ಪಕ್ಕ ಮೊದಲನೆಯ ನಕ್ಷೆಯನ್ನು ಹರಡಿಕೊಂಡಿದ್ದ. ಹೊಡೆದುಹಾಕಿದ್ದ ಅರವತ್ತನ್ನು ಮತ್ತೆ ಬರೆದಾಗಿತ್ತು. ಅದರ ಕೆಳಗೆ ಟಿಪ್ಪಣಿಯ ಜಾಗದಲ್ಲಿ, ‘ಅಳತೆ ಬರೆದಷ್ಟೇ ಇರಬೇಕು. ಸವೆತಕ್ಕೆಂದು ತೂತು ಕಿರಿದು ಮಾಡಬಾರದು’ ಎಂದು ಬರೆದ. ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಇಂಗ್ಲಿಷಿಗೆ ತರುವುದು ಅವನ ರೂಢಿ.

ಹಿಂದೆ ಬಂದು ನಿಂತ ಉಸ್ಮಾನಸಾಬ್ ಓದಿದ.

“ಹಿಂಗ ಬರದ್ರ ಯಾವನೂ ಕೇಳಂಗಿಲ್ಲ,” ಎಂದ.

“ಯಾಕ ಕೇಳಂಗಿಲ್ಲ?”

“ನಾ ಕೇಳ್ತಿದ್ದಿಲ್ಲ ನೋಡು, ಅದಕ್ಕ. ಇವ ಹುಡುಗ, ಓದಿದಾವ, ಇವಗೇನು ತಿಳೀತೈತಿ ಅಂತ ಒಂದು ನಂಬರ ಬಿಗಿ ಹಾಕ್ತಿದ್ದೆ.” ಅವನು ಸ್ಟೂಲು ಎಳೆದುಕೊಂಡು ಕೂತ. “ನಾಕು ತಿಂಗಳು ಆತು. ನೀ ನನಗ ನಂಬರ ಕೊಟ್ಟಿ. ಇಷ್ಟಾ ಯಾಕ ಅಂತ ಒಂದಿನಾನರ ಹೇಳಿದ್ದೇನು? ಮರಳು ತಡೀಬೇಕು ಅಂದಿ. ತಡಿಯೋದಾದ್ರ ಸಣ್ಣ ತೂತು ಭೇಷಲ್ಲ? ಎಪ್ಪತ್ತು ಹಾಕಿದ್ರ ಇನ್ನಾ ಭೇಷಲ್ಲ? ನನ್ನ ಬುದ್ಧಿಗೆ ಇವತ್ತಿಗೂ ಹಂಗಾ ಕಾಣ್ತೈತಿ.”

ಇನಾಯತ್ ಪೆನ್ಸಿಲ್ ಕೆಳಗಿಟ್ಟ. ಸಿಟ್ಟು ಯಾರ ಮೇಲೆಂದು ಈಗ ಗೊತ್ತಾಯಿತು.

ಅವನು ಹೊರಗೆ ಹೋಗಿ ಅದಿರಿನ ಜಲ್ಲಿ, ಪುಡಿ, ಧೂಳು ಎಲ್ಲ ಬೆರೆತ ಒಂದು ಮುಷ್ಟಿ ತಂದ. ಅರವತ್ತರ ಒಂದು ಜಾಲರಿ ತುಂಡನ್ನು ಲೋಟದ ಬಾಯಿಗೆ ಬಿಗಿದು, ಅದರ ಮೇಲೆ ಅದಿರು ಹಾಕಿ, ನೀರು ಸುರಿದ. ಮೊದಲು ಒಂದಿಷ್ಟು ಕೆಂಪು ನೀರು, ಸ್ವಲ್ಪ ಪುಡಿ ಇಳಿಯಿತು. ಆಮೇಲೆ ಪುಡಿ ನಿಂತು, ನೀರು ಮಾತ್ರ ಇಳಿಯತೊಡಗಿತು.

“ನೋಡ್ರಿ ಕಾಕಾ. ತಂತಿ ತಡೀತಿರೋದು ದಪ್ಪ ಕಾಳನ್ನ ಅಷ್ಟಾ. ದಪ್ಪ ಕಾಳು ಒಂದಕ್ಕೊಂದು ಆತುಕೊಂಡು ನಿಂತು ಸಣ್ಣ ಕಾಳು ತಡೀತಾವು. ಧೂಳಿಗೆ ಮಾತ್ರ ದಾರಿ ಬಿಡಬೇಕು, ಅದು ಹೋದ್ರ ಯಾರಿಗೂ ತ್ರಾಸಿಲ್ಲ. ಧೂಳನ್ನೂ ಹಿಡಿತೀನಿ ಅಂದ್ರ ಜಾಲರಿ ಕಟ್ಟಿಕೊಂಡು ಗ್ವಾಡಿ ಆಕ್ಕೈತಿ. ಎಪ್ಪತ್ತರದು ಹಂಗಾ ಆತು.”

ಉಸ್ಮಾನಸಾಬ್ ಲೋಟವನ್ನು ಬಹಳ ಹೊತ್ತು ನೋಡಿದ. ಬೆರಳಿನಿಂದ ಮೇಲಿನ ಪದರವನ್ನು ಮೆಲ್ಲಗೆ ಸರಿಸಿದ. ಕೆಳಗೆ ದಪ್ಪ ಕಾಳುಗಳು ಒಂದರ ಹೆಗಲಿಗೊಂದು ಆನಿಕೊಂಡು ಕೂತಿದ್ದವು. “ಅಂದ್ರ ಕೆಲಸ ಮಾಡಾದು ಮರಳಾ. ಜಾಲರಿ ಬರೇ ಮುಂದಿನ ಸಾಲಿನವರನ್ನ ಹಿಡ್ಕೊಂತೈತಿ.”

“ಹ್ಞೂಂ.”

“ಇದನ್ನ ಬರಿ. ಮಾಡಬ್ಯಾಡ ಅಂತ ಬರೀಬ್ಯಾಡ. ಚೆನ್ನೈದಾಗೂ ನನ್ನಂಥಾವ ಒಬ್ಬ ಇರ್ತಾನ. ಯಾಕ ಅಂತ ತಿಳದ್ರ ಅವನ ಕೈ ತಾನಾ ನಿಲ್ತೈತಿ.”

ಇನಾಯತ್ ಬರೆದದ್ದನ್ನು ರಬ್ಬರಿನಿಂದ ಅಳಿಸಿದ. ಟಿಪ್ಪಣಿಯ ಜಾಗ ಚಿಕ್ಕದಿತ್ತು. ಮಾತು ಉದ್ದವಾಗುತ್ತಿತ್ತು. ಎರಡು ಸಲ 
ಬರೆದು ಎರಡು ಸಲ ಅಳಿಸಿದ. ಮೂರನೆಯ ಸಲ ಅಕ್ಷರ ಸಣ್ಣ ಮಾಡಿ, ಅಂಚಿನ ಗೆರೆಯನ್ನೂ ದಾಟಿ, ಐದು ಸಾಲು ಬರೆದ. ಉಸ್ಮಾನಸಾಬ್ ಕನ್ನಡಕ ಒತ್ತಿಕೊಂಡು ಒಂದೊಂದೇ ಸಾಲು ಓದಿಸಿ ಕೇಳಿಸಿಕೊಂಡ. ಮೂರನೆಯ ಸಾಲಿನಲ್ಲಿ ಕೈ ಎತ್ತಿ ನಿಲ್ಲಿಸಿದ.

“ಕಣ ಅಂದ್ರ ಯಾರಿಗೆ ತಿಳೀತೈತಿ? ಕಾಳು ಅಂತ ಹಾಕು.”

ಇನಾಯತ್ ಕಣವನ್ನು ಅಳಿಸಿ ಕಾಳು ಎಂದು ಬರೆದ.